ಆದಿಪುರಾಣದಲ್ಲಿ ಪರಿಗ್ರಹತ್ಯಾಗದ ವಿವೇಕ

ಪಂಪನ ಆದಿಪುರಾಣವೆಂದೊಡನೆ (ಕ್ರಿ.ಶ. 941) ನೀಲಾಂಜನೆಯ ನೃತ್ಯವೂ ಭರತ–ಬಾಹುಬಲಿಯರ ಪ್ರಸಂಗವೂ ನೆನಪಿಗೆ ಬರುವುದು ಸಹಜ. ಭವಾವಳಿಯ ನಡುವೆ ಬರುವ ವಜ್ರದಂತ ಚಕ್ರವರ್ತಿಯ ವೈರಾಗ್ಯಪ್ರಸಂಗವನ್ನು ಒಂದು ಉಪಕಥೆಯೆಂದು ದಾಟಿಹೋಗುವವರೇ ಹೆಚ್ಚು. ಆದರೆ ಜೀವಮಾನವಿಡೀ ಗಳಿಸಿ ಕೂಡಿಟ್ಟುದನ್ನು ಇಳಿವಯಸ್ಸಿನಲ್ಲಿ ಬಿಡುವ ಬಗೆ ಹೇಗೆಂಬ ಪ್ರಶ್ನೆಯನ್ನಿಟ್ಟುಕೊಂಡು ಓದುವ ಶ್ರಾವಕನಿಗೆ ಆ ಭಾಗವೇ ಕಾವ್ಯದ ಮರ್ಮವಾಗಿ ಕಾಣುತ್ತದೆ.

ವಜ್ರದಂತನಿಗೆ ತಾವರೆಯೊಂದನ್ನು ತಂದೊಪ್ಪಿಸುತ್ತಾರೆ. ಅದರೊಳಗೆ ದುಂಬಿಯೊಂದು ಸತ್ತುಬಿದ್ದಿದೆ. ಗಂಧಕ್ಕೆ ಮರುಳಾಗಿ ಒಳಹೊಕ್ಕ ದುಂಬಿ, ಸಂಜೆ ಹೂವು ಮುಚ್ಚಿಕೊಂಡಾಗ ಅಲ್ಲಿಯೇ ಸಿಲುಕಿತು. ಚಕ್ರವರ್ತಿಯು ಅದರಲ್ಲಿ ತನ್ನನ್ನೇ ಕಂಡು ರಾಜ್ಯವನ್ನು ತೊರೆಯಲು ನಿಶ್ಚಯಿಸುತ್ತಾನೆ. ಇಂದ್ರಿಯಾಸಕ್ತಿಯ ಕೇಡನ್ನು ಇಲ್ಲಿಂದ ಎತ್ತಿ ಹೇಳಿ ಪ್ರವಚನವನ್ನು ಮುಗಿಸುವುದು ವಾಡಿಕೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮಗನಾದ ಅಮಿತತೇಜನು ರಾಜ್ಯವನ್ನು ಒಲ್ಲದೆ ತಾನೂ ದೀಕ್ಷೆಗೆ ಹೊರಡುತ್ತಾನೆ. ಪಟ್ಟವು ಎಳೆಯ ಮೊಮ್ಮಗ ಪುಂಡರೀಕನಿಗೆ ಬರುತ್ತದೆ. ರಾಜ್ಯವೇನಾಗುವುದೋ ಎಂಬ ಚಿಂತೆಯಿಂದ ಅಜ್ಜಿ ಲಕ್ಷ್ಮೀಮತಿಯು ಅಳಿಯನಾದ ವಜ್ರಜಂಘನಿಗೆ ಓಲೆ ಕಳುಹಿಸಬೇಕಾಗುತ್ತದೆ.

ಈ ಕಥಾಕ್ರಮ ಗಮನಾರ್ಹ. ವೈರಾಗ್ಯದ ಹಿರಿಮೆಯನ್ನು ಅದು ಕುಗ್ಗಿಸುವುದಿಲ್ಲ; ಆದರೆ ಬಿಟ್ಟುದರ ಗತಿಯೇನು ಎಂಬ ಪ್ರಶ್ನೆಯನ್ನು ಮರೆಮಾಚುವುದೂ ಇಲ್ಲ. ತಂದೆ ಬಿಟ್ಟುದು ಮಗನಿಗೂ ಬೇಡವಾದರೆ ಅದರ ಭಾರವೆಲ್ಲ ಒಂದು ಮಗುವಿನ ಮೇಲೆ, ಒಬ್ಬ ಮುದುಕಿಯ ಮೇಲೆ ಬೀಳುತ್ತದೆ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಹಿರಿಯರ ಮನೆ, ತೋಟ, ಅಟ್ಟದ ಮೇಲಿನ ಹಿತ್ತಾಳೆ–ತಾಮ್ರದ ಪಾತ್ರೆಗಳು, ಕಪಾಟು ತುಂಬಿದ ಗ್ರಂಥಗಳು ಯಾರಿಗೂ ಬೇಡವಾಗಿರುವ ಇಂದಿನ ಕುಟುಂಬಗಳಿಗೆ ಈ ಮಾತು ಹೊಸತಲ್ಲ.

ಇದೇ ವಜ್ರಜಂಘನೂ ಅವನ ಮಡದಿ ಶ್ರೀಮತಿಯೂ ಮುಂದೆ ತಮ್ಮ ಶಯ್ಯಾಗೃಹದಲ್ಲಿ ಸುಗಂಧಧೂಪದ ಹೊಗೆಯಿಂದ ಉಸಿರುಕಟ್ಟಿ ಸಾಯುತ್ತಾರೆ. ಕಿಟಕಿಗಳನ್ನು ತೆರೆಯಲು ಸೇವಕರು ಮರೆತಿದ್ದರು. ಈ ಎರಡು ಸಾವುಗಳನ್ನು ಜೊತೆಗಿಟ್ಟು ನೋಡಿದಾಗಲೇ ಕಾವ್ಯದ ಬಂಧ ಸ್ಪಷ್ಟವಾಗುವುದು. ಅಲ್ಲಿ ಮುಚ್ಚಿದ ತಾವರೆ, ಇಲ್ಲಿ ಮುಚ್ಚಿದ ಕಿಟಕಿ. ಎರಡೆಡೆಯಲ್ಲಿಯೂ ಕೊಂದುದು ಪರಿಮಳವೇ. ಕೂಡಿಟ್ಟ ಭೋಗವಸ್ತುವು ಕೆಟ್ಟದಾಗಿದ್ದುದರಿಂದ ಅವರು ಸಾಯಲಿಲ್ಲ. ಅದು ಹೊರಹೋಗಲು ದಾರಿಯಿಲ್ಲದುದರಿಂದ ಸತ್ತರು. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಮೂರ್ಛೆಯೆಂದು ಕರೆದಿದೆ. ಶಾಸ್ತ್ರದಲ್ಲಿ ಮಮತ್ವವೆಂಬ ಅರ್ಥದಲ್ಲಿರುವ ಆ ಶಬ್ದವು ಕಾವ್ಯದ ಈ ಎರಡು ಚಿತ್ರಗಳಲ್ಲಿ ಅಕ್ಷರಶಃ ಮೂರ್ಛೆಯೇ ಆಗಿ ಪರಿಣಮಿಸಿದೆ.

ಹಾಗಾದರೆ ಆ ದಂಪತಿಗಳೊಡನೆ ಹೋದುದೇನು? ಲಕ್ಷ್ಮೀಮತಿಯ ಓಲೆಗೆ ಓಗೊಟ್ಟು ಹೋಗುವಾಗ ದಾರಿಯ ಕಾಡಿನಲ್ಲಿ ಚಾರಣಮುನಿಗಳಿಗೆ ಅವರು ನೀಡಿದ ಆಹಾರದಾನ. ಅದರ ಫಲವಾಗಿ ಅವರು ಭೋಗಭೂಮಿಯಲ್ಲಿ ಜನಿಸುತ್ತಾರೆ. ಕಡೆಯ ಭವದಲ್ಲಿ ವಜ್ರಜಂಘನ ಜೀವವೇ ಆದಿನಾಥ. ಶ್ರೀಮತಿಯ ಜೀವವೇ ಹಸ್ತಿನಾಪುರದ ಶ್ರೇಯಾಂಸ. ಆಹಾರ ದೊರೆಯದೆ ಬಂದ ಆದಿಮುನಿಗೆ ಶ್ರೇಯಾಂಸನು ಕಬ್ಬಿನ ರಸವನ್ನು ನೀಡಿದ್ದು ಪೂರ್ವಭವದ ಆ ದಾನದ ಸ್ಮರಣೆಯಿಂದ. ಅರಮನೆಯ ಐಶ್ವರ್ಯವೆಲ್ಲ ಹೊಗೆಯಲ್ಲಿ ಮುಗಿದರೂ ಕೈಯಾರೆ ಕೊಟ್ಟ ಒಂದು ಹೊತ್ತಿನ ಊಟ ಖಾತೆಯಲ್ಲಿ ಉಳಿಯಿತು. ಅಕ್ಷಯತೃತೀಯೆಯ ಆಚರಣೆಗೆ ಮೂಲವಾದುದು ಈ ಉಳಿಕೆಯೇ. ಆದಿನಾಥನು ದೀಕ್ಷೆಗೆ ಮುನ್ನ ಭರತನಿಗೆ ಪಟ್ಟಗಟ್ಟಿ, ಬಾಹುಬಲಿಗೆ ಪೌದನಪುರವನ್ನಿತ್ತು, ವ್ಯವಸ್ಥೆ ಮಾಡಿಯೇ ಹೊರಟುದನ್ನೂ ಇಲ್ಲಿ ನೆನೆಯಬೇಕು. ಆ ಹಂಚಿಕೆಯ ಮೇಲೂ ಅಣ್ಣತಮ್ಮಂದಿರು ಹೋರಾಡಿದರೆಂಬುದು ನಿಜ. ವ್ಯವಸ್ಥೆಯು ಲೋಭವನ್ನು ಅಳಿಸಲಾರದು. ಕೊಡುವವನ ಕರ್ತವ್ಯವನ್ನು ಮಾತ್ರ ಪೂರೈಸೀತು.

ಆ ಕರ್ತವ್ಯದ ವಿಧಿಯನ್ನು ಪಂಪನಿಗೆ ಆಕರವನ್ನೊದಗಿಸಿದ ಜಿನಸೇನಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷನ ಗುರುಗಳು, ತಮ್ಮ ಸಂಸ್ಕೃತ ಆದಿಪುರಾಣದ ಗೃಹತ್ಯಾಗಕ್ರಿಯೆಯಲ್ಲಿ ಹೇಳಿದ್ದಾರೆ. ಮನೆ ಬಿಡುವ ಗೃಹಸ್ಥನು ಇಷ್ಟಜನರನ್ನು ಕರೆದು, ಅವರ ಸಾಕ್ಷಿಯಲ್ಲಿ ಹಿರಿಯ ಮಗನಿಗೆ ಮನೆಯನ್ನು ಒಪ್ಪಿಸಬೇಕು. ಧನವನ್ನು ಮೂರು ಭಾಗ ಮಾಡಿ ಒಂದನ್ನು ಧರ್ಮಕಾರ್ಯಕ್ಕೆ, ಒಂದನ್ನು ಮನೆಯ ವೆಚ್ಚಕ್ಕೆ, ಇನ್ನೊಂದನ್ನು ಒಡಹುಟ್ಟಿದವರಿಗೆ ಹಂಚಲು ವಿಧಿಸಬೇಕು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಇದು ಒಂಬತ್ತನೆಯ ಶತಮಾನದ ಮಾತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನು ಕರ್ನಾಟಕದ ತಿದ್ದುಪಡಿಯು 1994ರಲ್ಲಿ, ಕೇಂದ್ರದ ತಿದ್ದುಪಡಿಯು 2005ರಲ್ಲಿ ನೀಡಿತು. ಆಗಮವನ್ನು ಪೂಜಿಸುವ ಮನೆಗಳು ಮಗಳ ಪಾಲನ್ನು ಕಾನೂನಿನ ಒತ್ತಾಯಕ್ಕಾಗಿ ಕಾದು ಕೊಡುವುದು ಶೋಭೆಯಲ್ಲ.

ಶ್ರಾವಕರು ಈ ವಿಧಿಯಿಂದ ಗ್ರಹಿಸಬೇಕಾದುದು ಎರಡು. ತ್ಯಾಗಕ್ಕೆ ಕಾಲವುಂಟು: ಬುದ್ಧಿ ತಿಳಿಯಾಗಿದ್ದು ಕೈ ನಡುಗದಿರುವಾಗಲೇ ಅದು ನಡೆಯಬೇಕು. ಬೀಗದ ಕೈಯನ್ನು ಕಡೆಯವರೆಗೂ ಸೊಂಟದಲ್ಲಿಟ್ಟುಕೊಂಡು ಹೋದವರ ಆಸ್ತಿಯನ್ನು ದಾನವೆನ್ನಲಾಗದು. ಅದು ಬರಿಯ ಬಾಕಿ. ಎರಡನೆಯದಾಗಿ, ತ್ಯಾಗಕ್ಕೆ ಸಾಕ್ಷಿ ಬೇಕು, ಲೆಕ್ಕ ಬೇಕು. ಸ್ಥಿರಾಸ್ತಿಯ ದಾನಪತ್ರವು ನೋಂದಣಿಯಾಗದೆ ನಿಲ್ಲದು. ಬಾಯಿಮಾತಿನಲ್ಲಿ ಬಸದಿಗೆ ಬಿಟ್ಟ ಗದ್ದೆಯಿಂದ ದೇವರಿಗೆ ದೀಪವಿಲ್ಲ, ಮಕ್ಕಳಿಗೆ ನೆಮ್ಮದಿಯಿಲ್ಲ.

ಬಸದಿಗಳ ಆಡಳಿತ ಮಂಡಲಿಗಳಿಗೂ ಇಲ್ಲಿ ಪಾಠವಿದೆ. ಕೊಡುವವನ ಭಾರವನ್ನು ಇಳಿಸಿಕೊಳ್ಳುವುದೊಂದೇ ದಾನಸ್ವೀಕಾರವಲ್ಲ. ಬಂದುದನ್ನು ಬಳಸಬೇಕು, ಬಳಸಲಾಗದುದನ್ನು ವಿನಯದಿಂದ ಬೇಡವೆನ್ನಬೇಕು. ಬಸದಿಯ ಕೋಣೆಯಲ್ಲಿ ಧೂಳು ಹಿಡಿಯುವ ಪಾತ್ರೆಗಳೂ ಗೆದ್ದಲಿಗೆ ತುತ್ತಾಗುವ ಗ್ರಂಥಗಳೂ ಒಬ್ಬ ಗೃಹಸ್ಥನ ಪರಿಗ್ರಹವು ಸಂಸ್ಥೆಯ ಪರಿಗ್ರಹವಾದುದಕ್ಕೆ ಗುರುತು. ಆ ಗ್ರಂಥಗಳು ಓದುವವರ ಕೈಗೆ, ಆ ಪಾತ್ರೆಗಳು ಅಡುಗೆಮನೆಗೆ ಸೇರಿದ ದಿನವೇ ದಾನ ಪೂರ್ಣವಾಗುವುದು.