ಮಾಯೆಯ ತವರು ಬನವಾಸಿ

ಶಿರಸಿ ತಾಲ್ಲೂಕಿನ ಬನವಾಸಿಯನ್ನು ೧೫ನೆಯ ಶತಮಾನದ ಚಾಮರಸನು ತನ್ನ ‘ಪ್ರಭುಲಿಂಗಲೀಲೆ’ಯಲ್ಲಿ ಅದ್ಭುತಕಥೆಯ ನೆಲೆಯಾಗಿಸಿಕೊಂಡಿದ್ದಾನೆ. ಅಲ್ಲಿಯ ಅರಸ ಮಮಕಾರ, ಅರಸಿ ಮೋಹಿನಿ, ಮಗಳು ಮಾಯೆ. ಈ ಹೆಸರುಗಳನ್ನು ಕಂಡೊಡನೆ ಇದು ಬರಿಯ ರೂಪಕವೆಂದು ಪುಸ್ತಕ ಮುಚ್ಚುವ ವಿದ್ಯಾರ್ಥಿಗಳುಂಟು. ಆದರೆ ಮಾಯೆಯನ್ನು ಗೆಲ್ಲಬಂದ ಅಲ್ಲಮನು ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ನುಡಿಸುತ್ತಾನಲ್ಲವೆ? ತತ್ತ್ವಕ್ಕೆ ಮದ್ದಳೆ ಬೇಕಿಲ್ಲ, ಕಥೆಗೆ ಬೇಕು.

ಹರಿಹರನ ರಗಳೆಯಲ್ಲಿ ಇದೇ ಅಲ್ಲಮನು ಕಮಲತೆಯನ್ನೊಲಿದು, ಅವಳ ಮರಣದಿಂದ ಕಂಗೆಟ್ಟು ಅಲೆಯುತ್ತಾನೆ. ಅದು ಲೋಕಾನುಭವದ ದಾರಿ. ಹರಿಹರನನ್ನು ಮೆಚ್ಚುವ ಭರದಲ್ಲಿ ಚಾಮರಸನನ್ನು ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೇ ಸರಿ. ಇವನದು ಕಲ್ಪನೆಯ ದಾರಿ. ಅದರ ಕಟ್ಟುಪಾಡು ಇನ್ನೂ ಬಿಗಿಯಾದುದು. ಅಲ್ಲಮನು ಬಯಲಿನ ಮೈಯವನೆಂದು ಒಮ್ಮೆ ಒಪ್ಪಿದ ಮೇಲೆ ಅವನು ಮಾಯೆಯ ತೋಳಿಗೆ ಸಿಕ್ಕಬಾರದು, ಸಿಕ್ಕುವುದಿಲ್ಲ. ಮುಂದೆ ಗೋರಕ್ಷನ ವಜ್ರಕಾಯಕ್ಕೆ ತಗುಲಿದ ಕತ್ತಿ ಖಣಿಲೆನ್ನುತ್ತದೆ. ಪ್ರಭುವಿನ ಮೈಯಲ್ಲಿ ಬರಿಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಬನವಾಸಿಯಲ್ಲಿ ಕವಿ ಕೊಟ್ಟ ಮಾತು ಅಲ್ಲಿಯೂ ತಪ್ಪಿಲ್ಲ.

ಅದ್ಭುತಕಥೆ ಬರೆಯಹೊರಟ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತರುಣರು ಅನ್ಯಗ್ರಹಗಳನ್ನು ಅರಸುವ ಮುನ್ನ ಈ ಕಾವ್ಯವನ್ನು ಓದಬೇಕು. ಯಕ್ಷಗಾನದ ಮದ್ದಳೆ ಕೇಳಿ ಬೆಳೆದ ಕಿವಿಗೆ ಅಲ್ಲಮನ ನುಡಿತ ಹೊಸದಾಗಿ ತೋರದು.