ಮೈಮೊನಿಡಿಸ್‌ನ ಎಂಟು ಮೆಟ್ಟಿಲು, ಅಮೀರ್‌ಪೇಟ್‌ನ ಅನ್ನದಾನ

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಉಣಿಸುವ ಕೈಗಳಿಗೆ ಬರವಿಲ್ಲ. ಬಲ್ಕಂಪೇಟ್ ಎಲ್ಲಮ್ಮನ ಕಲ್ಯಾಣಕ್ಕೆ ಅನ್ನದಾನ, ಗುರುದ್ವಾರದಲ್ಲಿ ಲಂಗರ್, ರಂಜಾನ್‌ನಲ್ಲಿ ಜಕಾತ್. ಇವುಗಳಲ್ಲಿ ಯಾವುದು ಮೇಲು ಎಂದು ಕೇಳುವುದು ಅಧಿಕಪ್ರಸಂಗ. ಆದರೂ ದಾನಕ್ಕೆ ತಾರತಮ್ಯ ಕಟ್ಟುವ ಧೈರ್ಯ ಮಾಡಿದವನೊಬ್ಬನಿದ್ದ: ಈಜಿಪ್ಟಿನಲ್ಲಿ ನೆಲೆಸಿದ್ದ ಯಹೂದಿ ವೈದ್ಯ, ಪಂಡಿತ ಮೈಮೊನಿಡಿಸ್. 1180ರ ಸುಮಾರಿಗೆ ಮುಗಿದ ಅವನ ಧರ್ಮಸಂಹಿತೆ ‘ಮಿಶ್ನೆ ತೋರಾ’ದಲ್ಲಿ ದಾನಕ್ಕೆ ಎಂಟು ಮೆಟ್ಟಿಲುಗಳಿವೆ.

ಮುಖ ಗಂಟಿಕ್ಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಡಬೇಕಾದ್ದಕ್ಕಿಂತ ಕಡಿಮೆಯಾದರೂ ನಗುತ್ತ ಕೊಟ್ಟರೆ ಅದು ಒಂದು ಮೆಟ್ಟಿಲು ಮೇಲು. ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮೊದಲೇ ಕೊಡುವುದು ಹಿರಿದು. ಕೊಟ್ಟವನಾರೋ ಪಡೆದವನಾರೋ ಒಬ್ಬರಿಗೊಬ್ಬರು ಅರಿಯದ ದಾನಕ್ಕೆ ಮೇಲಿನಿಂದ ಎರಡನೆಯ ಸ್ಥಾನ. ತುತ್ತತುದಿಯಲ್ಲಿರುವುದು ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಮನುಷ್ಯ ಮತ್ತೆ ಕೈಚಾಚದಂತೆ ಮಾಡುವುದು. ಮೊತ್ತವನ್ನು ಬಿಟ್ಟು ಪಡೆಯುವವನ ಮಾನವನ್ನು ಅಳತೆಗೋಲಾಗಿಸಿದ್ದು ಈ ಪಟ್ಟಿಯ ನಿಜವಾದ ಹೆಚ್ಚುಗಾರಿಕೆ.

ಯಹೂದಿಯಲ್ಲದ ನನ್ನಂಥ ಓದುಗನಿಗೆ ಮುಜುಗರವಾಗುವುದು ಬೇರೆ ಕಡೆ. ಅನ್ಯಧರ್ಮೀಯ ಬಡವರನ್ನೂ ಪೋಷಿಸಬೇಕೆಂದು ಯಹೂದಿಗಳ ಧರ್ಮಗ್ರಂಥ ಟಾಲ್ಮಡ್ ಹೇಳುತ್ತದೆ, ಮೈಮೊನಿಡಿಸ್ ಅದನ್ನು ಒಪ್ಪುತ್ತಾನೆ. ಕೊಡುವ ಕಾರಣ ಮಾತ್ರ ನೆರೆಹೊರೆಯ ಶಾಂತಿ. ಲೆಕ್ಕಾಚಾರದ ವಾಸನೆ ಹೊಡೆಯುತ್ತದೆ. ಮುಂದೆ ಅದೇ ಗ್ರಂಥದ ರಾಜರ ಕಟ್ಟಳೆಗಳ ಭಾಗದಲ್ಲಿ, ದೇವರ ಕರುಣೆ ಸಕಲ ಸೃಷ್ಟಿಯ ಮೇಲೂ ಇದೆ ಎಂಬ ಕಾರಣವನ್ನು ಅವನೇ ಸೇರಿಸುವಾಗ ಸ್ವಲ್ಪ ಸಮಾಧಾನ. ಯಹೂದಿಯಾದವನು ಅನ್ಯರಿಂದ ಪಡೆಯಬಹುದೇ? ಬೇರೆ ದಾರಿಯಿಲ್ಲದ ಹೊರತು ಬಹಿರಂಗವಾಗಿ ಕೂಡದು ಎಂಬ ಬಿಗಿ ಉತ್ತರ. ನಮ್ಮ ಕಡೆಯ ಬದುಕು ಇಷ್ಟು ಬಿಗಿಯಾಗಿರಲಿಲ್ಲ. ಬೆಂಗಳೂರಿನ ಯಹೂದಿಗಳ ಸ್ಮಶಾನಕ್ಕೆ 1904ರಲ್ಲಿ ನೆಲ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅತ್ತ ಪುಣೆಯಲ್ಲಿ ಬಾಗ್ದಾದಿ ಯಹೂದಿ ಡೇವಿಡ್ ಸಸೂನ್‌ನ ಹಣದಿಂದ ಎದ್ದ ಆಸ್ಪತ್ರೆಗೆ ಎಲ್ಲ ಜಾತಿಮತದ ರೋಗಿಗಳೂ ಬರುತ್ತಾರೆ.

ಪಟ್ಟಿಯಲ್ಲಿ ಇನ್ನೊಂದು ಕೊರತೆಯಿದೆ. ಅದೇ ಶತಮಾನದಲ್ಲಿ, ಮುಂದೆ ನಿಜಾಮರ ರಾಜ್ಯಕ್ಕೆ ಸೇರಿದ ಕಲ್ಯಾಣದಲ್ಲಿ, ಶರಣರು ಕಾಯಕವಿಲ್ಲದ ದಾಸೋಹವನ್ನು ಒಪ್ಪಲಿಲ್ಲ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತು. ಕೊಡುವವನ ಗಂಟು ಹೇಗೆ ಬೆಳೆಯಿತು ಎಂದು ಕೇಳುವ ಮೆಟ್ಟಿಲು ಆ ಎಂಟರಲ್ಲಿಲ್ಲ.

ಇಷ್ಟಾದರೂ ಅಮೀರ್‌ಪೇಟ್‌ಗೆ ಈ ಅಳತೆಗೋಲು ಚೆನ್ನಾಗಿ ಹೊಂದುತ್ತದೆ. ಹೆಸರು ಕೇಳದೆ ಪಂಗತ್‌ನಲ್ಲಿ ಕೂರಿಸುವ ಲಂಗರ್ ಎರಡನೆಯ ಮೆಟ್ಟಿಲಿನ ಹತ್ತಿರ ನಿಲ್ಲುತ್ತದೆ. ಫ್ಲೆಕ್ಸ್ ಕಟ್ಟಿ, ತಟ್ಟೆ ಹಿಡಿದವನ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವ ಹುಟ್ಟುಹಬ್ಬದ ಅನ್ನದಾನ ಹಲವು ಮೆಟ್ಟಿಲು ಕೆಳಗೆ. ತುತ್ತತುದಿಯ ಮೆಟ್ಟಿಲು? ಅದು ಇಲ್ಲಿನ ಮೈತ್ರಿವನಂ ಸುತ್ತಮುತ್ತಲ ತರಬೇತಿ ಸಂಸ್ಥೆಗಳಲ್ಲಿ ಫೀಸಿಗೆ ಸಿಗುತ್ತದೆ: ಜಾವಾ, ಪೈಥಾನ್, ಟೆಸ್ಟಿಂಗ್. ಕೆಲಸ ಹಿಡಿಸುವ ವಿದ್ಯೆಯನ್ನೇ ಮಾರುವ ಪೇಟೆಯಲ್ಲಿ ದಾನವೆಲ್ಲ ಊಟಕ್ಕೇ ಹರಿಯುವುದನ್ನು ನಾನು ಒಪ್ಪಲಾರೆ. ಇಲ್ಲಿ ಕಲಿತು ಸಂಬಳ ಎಣಿಸುತ್ತಿರುವ ಕಲಬುರಗಿ, ಬೀದರ್, ರಾಯಚೂರಿನವರೇ, ಮುಂದಿನ ಹುಟ್ಟುಹಬ್ಬಕ್ಕೆ ನೀವು ಕಲಿತ ಸಂಸ್ಥೆಯ ಕೌಂಟರ್‌ನಲ್ಲಿ ಒಬ್ಬ ಬಡ ಹುಡುಗಿಯ ಫೀಸು ಕಟ್ಟಿ. ರಸೀದಿಯಲ್ಲಿ ನಿಮ್ಮ ಹೆಸರು ಬರೆಸಬೇಡಿ.