ನೋಡುವವನು ಎಲ್ಲಿ ಕೂತಿದ್ದ?

ಚಿರತೆಯ ಬಗ್ಗೆ ಓದಿದ ಕನ್ನಡಿಗರಿಗಿಂತ ಚಿರತೆಯ ಫೋಟೊ ನೋಡಿದ ಕನ್ನಡಿಗರು ಈಗ ಹೆಚ್ಚು. ಮತ್ತಿಮರದ ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿದ್ದು, ಲಂಟಾನದ ಪೊದೆಯಿಂದ ತಲೆ ಹೊರಗೆ ಹಾಕಿದ್ದು, ನೇರ ಲೆನ್ಸಿಗೇ ಕಣ್ಣು ನೆಟ್ಟದ್ದು. ಇವನ್ನೆಲ್ಲ ನಾವು 'ಅಬ್ಬಾ' ಎಂದು ಬೆರಳಲ್ಲಿ ಮುಂದೆ ಸರಿಸುತ್ತೇವೆಯೇ ಹೊರತು ಓದುವುದಿಲ್ಲ. ಕವಿತೆಯನ್ನೋ ಕತೆಯನ್ನೋ ಕೇಳುವ ಪ್ರಶ್ನೆಗಳನ್ನು ಈ ಚಿತ್ರಗಳಿಗೂ ಕೇಳಬೇಕು ಎಂದು ನನಗೆ ಅನ್ನಿಸತೊಡಗಿ ಕೆಲವು ಕಾಲವಾಯಿತು.

ಇರುವುದರಲ್ಲಿ ಒಳ್ಳೆಯದರಿಂದಲೇ ಶುರುಮಾಡೋಣ. 2020ರ ಜುಲೈನಲ್ಲಿ ಕಬಿನಿಯ ಒಂದು ಚಿತ್ರ ಜಗತ್ತೆಲ್ಲ ಸುತ್ತಿತು. ತೆಗೆದವರು ಮಿಥುನ್ ಎಚ್. ಚಿತ್ರದಲ್ಲಿ ಎದುರಿಗೆ ಕ್ಲಿಯೋಪಾತ್ರ ಎಂದು ಹೆಸರಿಟ್ಟ ಚುಕ್ಕೆಯ ಹೆಣ್ಣು ಚಿರತೆ ನಿಂತಿದೆ. ಅದರ ಬೆನ್ನಿಗೇ ಅದರ ನೆರಳಿನ ಹಾಗೆ ಸಾಯಾ ಎಂಬ ಕರಿಚಿರತೆ. ಸಾಯಾ ಎಂದರೆ ಹಿಂದಿಯಲ್ಲಿ ನೆರಳು. ಯಾರೋ ಮೊದಲೇ ಇಟ್ಟಿದ್ದ ಹೆಸರನ್ನು ಈ ಚಿತ್ರ ಕಣ್ಣೆದುರಿಗೆ ನಿಜ ಮಾಡಿ ತೋರಿಸಿತು. ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ಬಣ್ಣದ ಅಂಶ ಹೆಚ್ಚಾಗಿ ಕಪ್ಪಾದ ಚಿರತೆ, ಬೆಳಕು ಓರೆಯಾಗಿ ಬಿದ್ದರೆ ಕಪ್ಪಿನೊಳಗೂ ಚುಕ್ಕೆ ಕಾಣುತ್ತದೆ. ಎರಡೂ ಒಂದೇ ಎಂಬ ಆ ಪಾಠವನ್ನು ಈ ಚಿತ್ರ ಒಂದು ಮಾತೂ ಆಡದೆ ಹೇಳುತ್ತದೆ. ಇದಕ್ಕಾಗಿ ಆರು ದಿನ ಕಾದೆ ಎಂದು ಛಾಯಾಗ್ರಾಹಕರು ಹೇಳಿಕೊಂಡಿದ್ದರು. ಕಾದದ್ದು ಚಿತ್ರದಲ್ಲಿ ಕಾಣುತ್ತದೆ. ಇದು ಅದೃಷ್ಟದ ಚಿತ್ರವಷ್ಟೇ ಅಲ್ಲ.

ಆದರೆ ಇಂಥ ಚಿತ್ರಗಳನ್ನು ನೂರಾರು ಒಟ್ಟಿಗೆ ನೋಡಿದಾಗ ಅವುಗಳ ವ್ಯಾಕರಣ ಗೊತ್ತಾಗುತ್ತದೆ. ಉದ್ದದ ಟೆಲಿಲೆನ್ಸ್ ಹಿನ್ನೆಲೆಯನ್ನು ಕರಗಿಸಿ ಹಸಿರು ಮಂಜು ಮಾಡುತ್ತದೆ. ಕಾಡು ಬಣ್ಣವಾಗಿ ಉಳಿಯುತ್ತದೆ, ಕಾಡಾಗಿ ಉಳಿಯುವುದಿಲ್ಲ. ಪ್ರಾಣಿ ಒಂಟಿಯಾಗಿರುತ್ತದೆ. ಅದರ ಎದುರಿಗೆ ಸಾಲಾಗಿ ನಿಂತ ಜೀಪುಗಳು ಎಂದೂ ಚೌಕಟ್ಟಿನೊಳಗೆ ಬರುವುದಿಲ್ಲ. ನಾಗರಹೊಳೆ, ಬಂಡೀಪುರಗಳ ಸಫಾರಿ ದಾರಿಯ ಎರಡೂ ಬದಿಗೆ ಗಿಡಗಂಟಿ ಸವರಿ ಮಾಡಿದ 'ವ್ಯೂ ಲೈನ್' ಇರುತ್ತದೆ. ಬೆಂಕಿ ಹರಡದಿರಲೂ ಆಯಿತು, ಪ್ರಾಣಿ ಕಾಣಲೂ ಆಯಿತು. ನಾವು ದಟ್ಟ ಕಾಡಿನ ನಡುವೆ ಎಂದುಕೊಂಡ ಚಿರತೆ ಅನೇಕ ಸಲ ಮನುಷ್ಯ ಸವರಿದ ಆ ಅಂಚಿನಲ್ಲೇ ನಿಂತಿರುತ್ತದೆ. ಮುಶ್ಯ ಕೂಗಿದ್ದನ್ನು ಕೇಳಿ, ಜಿಂಕೆ ಯಾವ ಕಡೆ ಮುಖ ಮಾಡಿದೆ ಎಂದು ನೋಡಿ ಗಾಡಿ ನಿಲ್ಲಿಸಿದವನು ಡ್ರೈವರು. ಚಿತ್ರದ ಕೆಳಗೆ ಕ್ಯಾಮೆರಾದ ಹೆಸರಿರುತ್ತದೆ, ಅವನ ಹೆಸರು ಅಪರೂಪ.

ಇಲ್ಲಿ ನನಗೆ ಹಳೆಯ ಶಿಕಾರಿ ಕತೆಗಳು ನೆನಪಾಗುತ್ತವೆ. ಕೆನೆತ್ ಆಂಡರ್ಸನ್ ಬರೆದದ್ದನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅವುಗಳಲ್ಲಿ ಒಂದರ ಹೆಸರು 'ಜಾಲಹಳ್ಳಿಯ ಕುರ್ಕ', ಇನ್ನೊಂದು 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಒಂದೇ ಪ್ರಾಣಿಗೆ ಎರಡು ಹೆಸರು. 'ಚಿರತೆ' ಪಾಠಪುಸ್ತಕದಲ್ಲೂ ಸಲ್ಲುವ ಮಾತು. 'ಕುರ್ಕ' ಕೊಟ್ಟಿಗೆಯ ಪಕ್ಕ ನಿಂತು ಆಡುವ ಮಾತು. ಇವತ್ತು ಬೆಂಗಳೂರಿನೊಳಗೆ ಸೇರಿಹೋಗಿರುವ ಜಾಲಹಳ್ಳಿಗೂ ಒಂದು ಕಾಲಕ್ಕೆ ಆ ಎರಡನೆಯ ಮಾತು ಬೇಕಾಗಿತ್ತು.

ಆ ಕತೆಗಳಲ್ಲಿ ಕೊಲ್ಲುವುದಿದೆ, ಜಂಬವಿದೆ, ಸಾಹೇಬರ ಗತ್ತೂ ಇದೆ. ಅದನ್ನು ಯಾರೂ ವಹಿಸಿಕೊಂಡು ಮಾತಾಡಬೇಕಿಲ್ಲ. ಆದರೆ ಒಂದು ವಿಷಯದಲ್ಲಿ ಆ ಕತೆ ಸಫಾರಿ ಚಿತ್ರಕ್ಕಿಂತ ಪ್ರಾಮಾಣಿಕ: ನೋಡುವವನು ಎಲ್ಲಿ ಕೂತಿದ್ದ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಯಾವ ಮರದ ಮೇಲೆ ಅಟ್ಟಣೆ ಕಟ್ಟಿದರು, ಗಾಳಿ ಯಾವ ಕಡೆಯಿಂದ ಬರುತ್ತಿತ್ತು, ಜತೆಗೆ ಬಂದ ಊರಿನವನು ಏನು ಹೇಳಿದ, ಇವೆಲ್ಲ ಕತೆಯ ಮೈಯೊಳಗೇ ಇರುತ್ತವೆ. ನೋಡುವವನಿಗೂ ಅಲ್ಲಿ ಒಂದು ಮೈಯಿದೆ, ಭಯವಿದೆ. ಸಫಾರಿ ಚಿತ್ರದಲ್ಲಿ ನೋಡುವವನು ಬರಿಯ ಕಣ್ಣು.

ತೇಜಸ್ವಿಯವರ 'ಕರ್ವಾಲೊ' (1980) ಈ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಅಪರೂಪದ ಪ್ರಾಣಿಯೊಂದನ್ನು ಹುಡುಕಿ ಹೋಗುವ ಕನ್ನಡದ ಕತೆಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಹೊರಟವರಲ್ಲಿ ವಿಜ್ಞಾನಿ ಇದ್ದಾನೆ, ಛಾಯಾಗ್ರಾಹಕ ಪ್ರಭಾಕರನಿದ್ದಾನೆ. ಆದರೆ ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ, ಮತ್ತು ಕಾದಂಬರಿ ಅವನ ಪಾಲನ್ನು ಎಲ್ಲೂ ಕಸಿಯುವುದಿಲ್ಲ. ಕೊನೆಗೆ ಓತಿ ಕಣಿವೆಯ ಕಡೆಗೆ ತೇಲಿ ಕೈಗೆ ಸಿಗದೆ ಹೋಗುತ್ತದೆ. ಕಂಡರು, ಹಿಡಿಯಲಿಲ್ಲ, ಕಾದಂಬರಿ ಅದನ್ನು ಸೋಲು ಎಂದು ಲೆಕ್ಕ ಹಾಕುವುದಿಲ್ಲ. 'ಸೈಟಿಂಗ್ ಆಯ್ತಾ, ಇಲ್ವಾ?' ಎಂಬ ಸಫಾರಿಯ ಏಕೈಕ ಪ್ರಶ್ನೆಗೆ ಆ ಕೊನೆಯ ಪುಟಗಳಲ್ಲಿ ಜಾಗವೇ ಇಲ್ಲ. ಅಂದಹಾಗೆ ತೇಜಸ್ವಿ ಸ್ವತಃ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದವರು. ಹಾಗಾಗಿ ಇದು ಕ್ಯಾಮೆರಾ ಮುಟ್ಟದವರ ತಕರಾರಲ್ಲ.

ಮೇಳಿಗೆಯ ಕಡೆಯವನಾದ ನನಗೆ ಇದು ಬರಿಯ ರಸವಿಮರ್ಶೆಯ ವಿಷಯವಾಗಿ ಉಳಿಯುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಚಿರತೆ ಕಾಣುವ ಪ್ರಾಣಿಗಿಂತ ಹೆಚ್ಚಾಗಿ ಗೊತ್ತಾಗುವ ಪ್ರಾಣಿ. ತೋಟದ ಕೆಸರಿನಲ್ಲಿ ಹೆಜ್ಜೆ, ಬೆಳಗಾದರೆ ಅಂಗಳದಲ್ಲಿಲ್ಲದ ನಾಯಿ, ಬೆಚ್ಚಿ ನಿಂತ ದನ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ ತನ್ನ ನಾಯಿಗೆ ಹುಲಿಯ ಎಂದು ಹೆಸರಿಟ್ಟದ್ದರಲ್ಲಿ ಈ ನೆರೆಹೊರೆಯ ಹೆದರಿಕೆ, ಹೆಮ್ಮೆ, ತಮಾಷೆ ಮೂರೂ ಇವೆ. ಈಗ ಆ ನೆರೆಯವನ ಚಿತ್ರವೂ ಸಿಗುತ್ತಿದೆ: ಮನೆಯ ಸಿಸಿಟಿವಿಯಲ್ಲಿ, ಬೂದುಬಣ್ಣದಲ್ಲಿ, ತುಳಸಿಕಟ್ಟೆಯ ಪಕ್ಕ ಹಾದುಹೋಗುವ ಎರಡು ಕ್ಷಣ. ಕಲೆಯ ಲೆಕ್ಕದಲ್ಲಿ ಆ ಚಿತ್ರ ಏನೂ ಅಲ್ಲ. ಆದರೆ ಚಿರತೆ ಎಲ್ಲಿ ಬದುಕುತ್ತದೆ ಎಂಬುದನ್ನು ಅದು ಕಬಿನಿಯ ಚಿತ್ರಕ್ಕಿಂತ ಸರಿಯಾಗಿ ಹೇಳುತ್ತದೆ.

2022ರ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಇವುಗಳಲ್ಲಿ ಎಷ್ಟಕ್ಕೆ ಸಾಯಾ, ಕ್ಲಿಯೋಪಾತ್ರ ಎಂಬಂಥ ಹೆಸರಿದೆ? ಜೀಪು ಹೋಗುವ ದಾರಿಯಲ್ಲಿ ಕಂಡವಕ್ಕೆ ಮಾತ್ರ. ಕಬ್ಬಿನ ಗದ್ದೆಯಲ್ಲಿ, ಅಡಕೆ ತೋಟದ ಅಂಚಿನಲ್ಲಿ ಕಂಡದ್ದು ಪತ್ರಿಕೆಯಲ್ಲಿ 'ಬೋನಿಗೆ ಬಿದ್ದ ಚಿರತೆ' ಆಗುತ್ತದೆ. ಅದನ್ನು ಹಿಡಿದು 'ಕಾಡಿಗೆ' ಬಿಟ್ಟರೆ ನಮಗೆ ಸಮಾಧಾನ. ಚಿರತೆಯ ಜಾಗ ಯಾವುದು ಎಂಬುದನ್ನು ಹಸಿರು ಮಂಜಿನ ಆ ಚಿತ್ರಗಳು ನಮಗೆ ಮೊದಲೇ ಕಲಿಸಿಬಿಟ್ಟಿವೆ. ಚೌಕಟ್ಟಿನಿಂದ ಮನುಷ್ಯನನ್ನು ಹೊರಗಿಟ್ಟ ಚಿತ್ರ ನೋಡಿ ಬೆಳೆದ ಕಣ್ಣಿಗೆ, ಮನುಷ್ಯನ ಪಕ್ಕದಲ್ಲಿ ಕಂಡ ಚಿರತೆ ದಾರಿ ತಪ್ಪಿ ಬಂದದ್ದಾಗಿ ತೋರುತ್ತದೆ. ಎಷ್ಟೋ ಸಲ ಅದು ಅಲ್ಲೇ ಹುಟ್ಟಿದ್ದಾಗಿರುತ್ತದೆ.

ಕ್ಯಾಮೆರಾ ಬಂದೂಕಿಗಿಂತ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಮೇಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಹುಟ್ಟಿದ ತಲೆಮಾರಿಗೆ ಕಾಡಿನ ಪ್ರಾಣಿಯ ಮೇಲೆ ಪ್ರೀತಿ ಹುಟ್ಟಿಸಿದ್ದರಲ್ಲಿ ಫೋಟೊಗಳ ಪಾಲು ದೊಡ್ಡದು. ನನ್ನ ಪ್ರಶ್ನೆ ಆ ಪ್ರೀತಿಯ ಅಳತೆಯದ್ದಲ್ಲ, ಅದು ಯಾವ ಚಿರತೆಯ ಮೇಲೆ ಎಂಬುದು. ಕೊಂಬೆಯ ಮೇಲಿನ ಹೆಸರಿರುವ ಚಿರತೆಯ ಮೇಲೆ ಮಾತ್ರವಾದರೆ, ನಾಯಿ ಹೊತ್ತುಕೊಂಡು ಹೋದ ಹೆಸರಿಲ್ಲದ್ದಕ್ಕೆ ಅದರಿಂದ ಏನೂ ದಕ್ಕುವುದಿಲ್ಲ. ನಾಯಿ ಕಳೆದುಕೊಂಡವರಿಗೂ ದಕ್ಕುವುದಿಲ್ಲ.

ಪರಿಹಾರ ದೊಡ್ಡದೇನೂ ಬೇಕಿಲ್ಲ. ಚಿತ್ರದ ಕೆಳಗಿನ ಟಿಪ್ಪಣಿಯಲ್ಲಿ ಲೆನ್ಸಿನ ಅಳತೆಯ ಜತೆಗೆ ಇನ್ನು ನಾಲ್ಕು ಮಾತು ಸೇರಿದರೆ ಸಾಕು: ದಾರಿಯಿಂದ ಎಷ್ಟು ದೂರ, ಸುತ್ತ ಎಷ್ಟು ಗಾಡಿ, ಮೊದಲು ಕಂಡವರು ಯಾರು, ಎಷ್ಟು ಸಲ ಬರಿಗೈಯಲ್ಲಿ ವಾಪಸು ಬಂದದ್ದು. ಒಂದೊಂದು ಸಲ ಲೆನ್ಸನ್ನು ಹಿಂದಕ್ಕೆ ತಿರುಗಿಸಿ ಜೀಪಿನ ಸಾಲನ್ನೂ ತೆಗೆಯಲಿ. ಚಿರತೆ ದಿನವೂ ಬೆಳಗ್ಗೆ ಸಂಜೆ ನೋಡುವುದು ಆ ಸಾಲನ್ನೇ.